ಬಕಧ್ಯಾನ ನಮಗೂ ಸ್ವಲ್ಪ ಬರಲಿ

ಭಾಗ 1/8: ನಿಂತಿರೋ ಬಕ

ಫ್ರೆಂಡ್ಸ್, ಇದು ಎಂಟು ಪೋಸ್ಟ್‌ಗಳ ಸೀರೀಸ್. ಎಂಟೂ ಫೋಟೊದಲ್ಲಿ ಇರೋದು ಒಂದೇ ಹಕ್ಕಿ, ಅದರ ಒಂದು ಹೊತ್ತಿನ ಊಟ. ಹಕ್ಕಿ ಅಪರೂಪದ್ದೇನೂ ಅಲ್ಲ. ಕೊಳದ ಬಕ, ಇಂಗ್ಲಿಷ್‌ನವರ ಪಾಂಡ್ ಹೆರಾನ್. ನಿಮ್ಮೂರಿನ ಕೆರೆಯಲ್ಲಿ, ಗದ್ದೆ ಬದುವಿನ ಮೇಲೆ, ಊರ ಹೊರಗಿನ ಕಾಲುವೆ ಪಕ್ಕದಲ್ಲೂ ಸಿಗತ್ತೆ. ಅದಕ್ಕೇ ಲೊಕೇಶನ್ ಹಾಕಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಕ್ಕಿ ಮೀನು ಹಿಡಿಯೋ ಫೋಟೊ ತೆಗೆಯೋರು ಒಂದು ಪ್ರಶ್ನೆ ಕೇಳ್ಕೋಬೇಕು: ನಾನು ಇಲ್ಲಿ ಇಲ್ಲದೇ ಇದ್ದಿದ್ರೂ ಇದು ಹೀಗೇ ಊಟ ಮಾಡ್ತಿತ್ತಾ? ಹೌದು ಅಂದ್ರೆ ಫೋಟೊ ಮಸುಕಾಗಿದ್ರೂ ಅದು ಒಳ್ಳೇ ಫೋಟೊ. ಇಲ್ಲ ಅಂದ್ರೆ ಎಷ್ಟೇ ಲೈಕ್ ಬಂದ್ರೂ ನನ್ನ ಲೆಕ್ಕದಲ್ಲಿ ಅದು ಕೆಟ್ಟ ಫೋಟೊ.

ಈಗ ಮೊದಲನೇ ಫೋಟೊ ನೋಡಿ. ಹಕ್ಕಿ ಎಲ್ಲಿದೆ ಅಂತ ಹುಡುಕಬೇಕು, ಅಲ್ವಾ? ಎಡಗಡೆ ಒಣಗಿದ ಜೊಂಡಿನ ಪಕ್ಕ. ಮೈಮೇಲೆ ಕಂದು ಗೆರೆಗಳು, ಮಣ್ಣಿನ ಬಣ್ಣದ ಬೆನ್ನು, ಕುತ್ತಿಗೆ ಭುಜದೊಳಗೆ ಹೂತು ಹೋಗಿದೆ. ಹಾರಿದಾಗ ಮಾತ್ರ ಬಿಳೀ ರೆಕ್ಕೆ ಫಳ್ ಅಂತ ತೆರೆದುಕೊಳ್ಳತ್ತೆ. ಎಷ್ಟೋ ಜನ ಕಾಲ ಬುಡದಿಂದ ಅದು ಹಾರಿದ ಮೇಲೇ 'ಅರೆ, ಇಲ್ಲೊಂದು ಹಕ್ಕಿ ಇತ್ತಾ' ಅಂತಾರೆ.

ಕನ್ನಡದಲ್ಲಿ ಬಕಧ್ಯಾನ ಅಂದ್ರೆ ಬೈಗುಳ. ಹೊರಗೆ ಸಾಧು, ಒಳಗೆ ಕಳ್ಳ ಅಂತ ಅರ್ಥ. ಪಂಚತಂತ್ರದಲ್ಲೂ ಬಕ ಮೋಸಗಾರನೇ. ಬೇರೆ ಕೆರೆಗೆ ಸಾಗಿಸ್ತೀನಿ ಅಂತ ಮೀನುಗಳನ್ನ ನಂಬಿಸಿ ಒಂದೊಂದಾಗಿ ತಿಂದುಹಾಕತ್ತೆ, ಕೊನೆಗೆ ಏಡಿ ಕೈಲಿ ಸಾಯತ್ತೆ. ನಿಜವಾದ ಬಕ ಯಾರಿಗೂ ಏನೂ ಮಾತು ಕೊಟ್ಟಿಲ್ಲ ಕಣ್ರೀ. ಹಸಿವಾಗಿದೆ, ಅದಕ್ಕೇ ನಿಂತಿದೆ. ಅದರ ಮುಂದೆ ಕ್ಯಾಮೆರಾ ಹಿಡಿದು ಕೂರೋ ನಮಗೆ ಆ ತಾಳ್ಮೆಯಲ್ಲಿ ಅರ್ಧ ಬಂದ್ರೂ ಸಾಕು ಅನ್ನೋದು ಈ ಸೀರೀಸ್‌ನ ವಾದ.

(ಮುಂದಿನ ಪೋಸ್ಟ್‌ಗೆ ಸ್ವೈಪ್ ಮಾಡಬೇಡಿ, ಪ್ರೊಫೈಲ್‌ಗೆ ಹೋಗಿ. ಒಂದು ಕ್ಯಾಪ್ಷನ್‌ನಲ್ಲಿ ಇಷ್ಟೆಲ್ಲಾ ಹಿಡಿಸಲ್ಲ.)

ಭಾಗ 2/8: ಒಂದು ಹೆಜ್ಜೆ

ಈ ಫೋಟೊದಲ್ಲಿ ಬದಲಾಗಿರೋದು ಒಂದೇ. ಬಲಗಾಲು ನೀರಿಂದ ಮೇಲೆ ಬಂದಿದೆ. ಹಿಂದಿನ ಫೋಟೊಗೂ ಇದಕ್ಕೂ ನಡುವೆ ಹದಿನೈದು ನಿಮಿಷ.

ಕಾಲೇಜಿನಲ್ಲಿ ನನ್ನನ್ನ ತುಂಬಾ ಜನ ಕೇಳೋದು 'ಯಾವ ಲೆನ್ಸ್' ಅಂತ. ಯಾರೂ 'ಎಲ್ಲಿ ಕೂತಿದ್ದೆ' ಅಂತ ಕೇಳಲ್ಲ. ಉತ್ತರ ಎರಡನೇದರಲ್ಲೇ ಜಾಸ್ತಿ ಇರೋದು. ನಿಂತಿರೋ ಮನುಷ್ಯ ಹಕ್ಕಿಗೆ ದೊಡ್ಡ ಆಕಾರ. ಕೂತವನು ಚಿಕ್ಕವನು. ಕೂತರೆ ಕ್ಯಾಮೆರಾನೂ ಹಕ್ಕಿಯ ಕಣ್ಣಿನ ಎತ್ತರಕ್ಕೆ ಇಳಿಯತ್ತೆ, ಹಿನ್ನೆಲೆ ದೂರ ಸರಿದು ತಿಳಿಯಾಗತ್ತೆ. ಬೆಳಿಗ್ಗೆ ಬೇಗ ಹೋಗಿ, ಸೂರ್ಯ ನಿಮ್ಮ ಬೆನ್ನ ಹಿಂದೆ ಇರೋ ಹಾಗೆ ಜಾಗ ಆರಿಸಿ, ಹಕ್ಕಿ ಬರೋಕೆ ಮುಂಚೆನೇ ಕೂತುಬಿಡಿ. ನಾವು ಹಕ್ಕಿ ಹತ್ತಿರ ಹೋದ್ರೆ ಅದು ದೂರ ಹೋಗತ್ತೆ. ನಾವು ಸುಮ್ಮನಿದ್ರೆ ಎಷ್ಟೋ ಸಲ ಅದೇ ದಂಡೆ ಹಿಡಿದುಕೊಂಡು ನಡೀತಾ ಹತ್ತಿರ ಬರತ್ತೆ.

ಉದ್ದನೆ ಲೆನ್ಸ್ ಇಲ್ಲದೋರು ಆ ಕೊರತೆಯನ್ನ ಕಾಲಲ್ಲಿ ತುಂಬಿಸೋಕೆ ಹೋಗ್ತಾರೆ. ಇನ್ನೂ ಎರಡು ಹೆಜ್ಜೆ, ಇನ್ನೂ ಎರಡು ಹೆಜ್ಜೆ ಅಂತ. ದಯವಿಟ್ಟು ಬೇಡ. ಫೋನಲ್ಲಿ ತೆಗೆದ್ರೆ ಹಕ್ಕಿ ಚಿಕ್ಕದಾಗಿ ಬರಲಿ ಬಿಡಿ. ಜೊಂಡು, ನೀರು, ಆಚೆ ದಡದ ಅಪಾರ್ಟ್‌ಮೆಂಟ್, ನಡುವೆ ಒಂದು ಬಕ. ಅದು ಎಲ್ಲಿ ಬದುಕ್ತಿದೆ ಅಂತ ಗೊತ್ತಾಗೋದು ಆ ಫೋಟೊದಲ್ಲೇ. ಬರೀ ಕಣ್ಣು-ಕೊಕ್ಕು ತುಂಬಿಕೊಂಡಿರೋ ಫೋಟೊ ಯಾವ ಕೆರೆದಾದ್ರೂ ಆಗಬಹುದು.

ಹಕ್ಕಿಗೆ ನಿಮ್ಮಿಂದ ತೊಂದರೆ ಆಗ್ತಿದೆ ಅಂತ ಗೊತ್ತಾಗೋದು ಹೇಗೆ? ಅದು ನೀರು ನೋಡೋದು ಬಿಟ್ಟು ನಿಮ್ಮನ್ನ ನೋಡತ್ತೆ. ಮುದುಡಿದ್ದ ಕುತ್ತಿಗೆ ಉದ್ದ ಆಗತ್ತೆ. ಮೈ ಬಿಗಿಯಾಗತ್ತೆ. ಇಷ್ಟು ಕಂಡ್ರೆ ನಿಂತುಬಿಡಿ, ಬಂದ ದಾರೀಲೇ ನಿಧಾನ ಹಿಂದೆ ಸರಿಯಿರಿ. ಕೊಳದ ಬಕ ತನ್ನ ಬಣ್ಣವನ್ನ ನಂಬಿ ಕೊನೇ ಕ್ಷಣದವರೆಗೂ ಅಲ್ಲಾಡದೆ ಕೂರತ್ತೆ. ಅದು ಹಾರಿಲ್ಲ ಅಂದ ಮಾತ್ರಕ್ಕೆ ಆರಾಮಾಗಿದೆ ಅಂತ ಅಂದ್ಕೋಬೇಡಿ.

ಭಾಗ 3/8: ಹೊಡೆತ

ಎಲ್ಲರಿಗೂ ಬೇಕಾದ ಫೋಟೊ ಇದು. ಕುತ್ತಿಗೆ ಪೂರ್ತಿ ಚಾಚಿದೆ, ಕೊಕ್ಕಿನ ತುದಿ ನೀರೊಳಗೆ, ಸುತ್ತ ನೀರಿನ ಹನಿ.

ಬಕದ ಕುತ್ತಿಗೆ ಇಂಗ್ಲಿಷ್‌ನ ಎಸ್ ಅಕ್ಷರದ ಹಾಗೆ ಮಡಚಿರತ್ತೆ. ಕುತ್ತಿಗೆಯ ಆರನೇ ಮೂಳೆ ಬೇರೆ ಮೂಳೆಗಳಿಗಿಂತ ಉದ್ದ. ಅಲ್ಲಿಂದ ಕುತ್ತಿಗೆ ಸ್ಪ್ರಿಂಗ್ ಹಾಗೆ ಮುಂದಕ್ಕೆ ಚಿಮ್ಮತ್ತೆ. ಹಾರುವಾಗಲೂ ಬಕ ಕುತ್ತಿಗೆ ಮಡಚಿಕೊಂಡೇ ಹಾರತ್ತೆ. ಕೊಕ್ಕರೆ ಕುತ್ತಿಗೆ ನೇರ ಚಾಚಿ ಹಾರತ್ತೆ. ದೂರದಿಂದ ಬಕ ಯಾವುದು, ಕೊಕ್ಕರೆ ಯಾವುದು ಅಂತ ಗೊತ್ತಾಗೋಕೆ ಇಷ್ಟು ಸಾಕು.

ಇನ್ನೊಂದು ವಿಷಯ. ನೀರಿಂದ ಗಾಳಿಗೆ ಬರುವಾಗ ಬೆಳಕು ಬಾಗತ್ತೆ ಅಂತ ಪಿಯುಸಿ ಫಿಸಿಕ್ಸ್‌ನಲ್ಲಿ ಓದಿದ್ದೀವಿ. ಅದಕ್ಕೇ ಮೀನು ನಿಜವಾಗಿ ಇರೋದಕ್ಕಿಂತ ಮೇಲೆ ಇರೋ ಹಾಗೆ ಕಾಣತ್ತೆ. ನಾವು ಸೂತ್ರ ಬರೆದು ಲೆಕ್ಕ ಹಾಕ್ತೀವಿ. ಬಕ ಆ ವ್ಯತ್ಯಾಸ ಸರಿ ಮಾಡಿಕೊಂಡೇ ಹೊಡೆಯತ್ತೆ.

ಬಣ್ಣದ ಕೊಕ್ಕರೆ ಮೀನು ಹಿಡಿಯೋ ರೀತಿನೇ ಬೇರೆ. ಅರ್ಧ ತೆರೆದ ಕೊಕ್ಕನ್ನ ಕಲಕು ನೀರಲ್ಲಿ ಮುಳುಗಿಸಿಕೊಂಡು ನಡೆಯತ್ತೆ, ಮೀನು ತಾಗಿದ ಕೂಡ್ಲೇ ಮುಚ್ಚತ್ತೆ. ನೋಡಿ ಹಿಡಿಯೋದಲ್ಲ, ಮುಟ್ಟಿ ಹಿಡಿಯೋದು. ಅದೇ ಜಾತಿಗೆ ಸೇರಿದ ಅಮೆರಿಕದ ವುಡ್ ಸ್ಟಾರ್ಕ್ ಹೀಗೆ ಕೊಕ್ಕು ಮುಚ್ಚೋಕೆ ತಗೊಳ್ಳೋ ಸಮಯ ಸುಮಾರು 25 ಮಿಲಿಸೆಕೆಂಡ್ ಅಂತ ಅಳೆದಿದ್ದಾರೆ. ಸೆಕೆಂಡಿಗೆ 20 ಫೋಟೊ ತೆಗೆಯೋ ಕ್ಯಾಮೆರಾದಲ್ಲೂ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ 50 ಮಿಲಿಸೆಕೆಂಡ್. ಅಂದ್ರೆ ಇಡೀ ಘಟನೆ ಎರಡು ಫ್ರೇಮ್‌ಗಳ ನಡುವೆ ಮುಗಿದುಹೋಗಬಹುದು.

ಸೆಟ್ಟಿಂಗ್ಸ್ ಕೇಳ್ತೀರಾ ಅಂತ ಗೊತ್ತು. ಶಟರ್ 1/2000, ಬರ್ಸ್ಟ್ ಮೋಡ್, ಫೋಕಸ್ ಕಣ್ಣಿನ ಮೇಲೆ. ಬೆಳ್ಳಕ್ಕಿ ಆದ್ರೆ ಎಕ್ಸ್‌ಪೋಷರ್ ಸ್ವಲ್ಪ ಕಮ್ಮಿ ಮಾಡಿ, ಇಲ್ಲಾಂದ್ರೆ ಗರಿ ಎಲ್ಲಾ ಬರೀ ಸುಣ್ಣದ ಗೋಡೆ ಹಾಗೆ ಬರತ್ತೆ. ಇಷ್ಟೇ. ಉಳಿದಿದ್ದೆಲ್ಲಾ ಕಾಯೋದು.

ಭಾಗ 4/8: ಮಿಸ್ಸು

ಈ ಫೋಟೊ ಯಾಕೆ ಹಾಕಿದೀನಿ ಅಂತ ಒಬ್ಬ ಕ್ಲಾಸ್‌ಮೇಟ್ ಆಗಲೇ ಮೆಸೇಜ್ ಮಾಡಿದ್ದಾಯ್ತು. ಕೊಕ್ಕು ಖಾಲಿ. ಕೊಕ್ಕಿನ ತುದಿಯಲ್ಲಿ ಒಂದು ನೀರಿನ ಹನಿ, ಒಂದೆಳೆ ಪಾಚಿ. ಅಷ್ಟೇ.

ಹಿಂದಿನ ಪೋಸ್ಟ್‌ನಲ್ಲಿ ಅಷ್ಟು ಹೊಗಳಿದ ಹೊಡೆತ ಇದೆಯಲ್ಲ, ಅದು ಮಿಸ್ ಆಗಿತ್ತು. ಅವತ್ತು ನನ್ನ ಕಣ್ಣ ಮುಂದೆ ಈ ಬಕ ಆರು ಸಲ ಹೊಡೀತು. ಸಿಕ್ಕಿದ್ದು ಆರನೇ ಸಲ. ನಾನು ಫೋಟೊ 3 ಮತ್ತು 5 ಮಾತ್ರ ಹಾಕಿದ್ರೆ ನಿಮಗೆ ಏನನ್ಸತ್ತೆ? ಹೊಡೀತು, ಸಿಕ್ತು, ತಿಂತು. ಬಕದ ಬದುಕು ಎಷ್ಟು ಸುಲಭ ಅಂತ.

ನಮ್ಮ ಫೀಡ್ ತುಂಬಾ ಗೆದ್ದ ಫೋಟೊಗಳೇ. ಮೀನು ಹಿಡಿದ ಬಕ, ಮೀನು ಹಿಡಿದ ಮಿಂಚುಳ್ಳಿ, ಮೀನು ಹಿಡಿದ ಡೇಗೆ. ಸೋತ ಹಕ್ಕಿಯನ್ನ ಯಾರೂ ತೋರಿಸಲ್ಲ. ಹೀಗಾಗಿ ಒಂದು ಹಕ್ಕಿಯನ್ನ ಒಂದು ಸಲ ಹಾರಿಸಿದ್ರೆ ಏನಾಗತ್ತೆ ಮಹಾ, ಪಕ್ಕದಲ್ಲೇ ಕೂರತ್ತಲ್ಲ ಅನ್ನೋ ಧೈರ್ಯ ನಮಗೆ ಬಂದುಬಿಡತ್ತೆ. ಹತ್ತಿಪ್ಪತ್ತು ನಿಮಿಷ ಅಲ್ಲಾಡದೆ ನಿಂತು, ಮೀನುಗಳು ಮತ್ತೆ ಕಾಲ ಹತ್ತಿರ ಬರೋ ಹಾಗೆ ಮಾಡಿಕೊಂಡಿರತ್ತೆ. ನೀವು ಹಾರಿಸಿದ್ರೆ ಆ ಕೆಲಸ ಎಲ್ಲಾ ಸೊನ್ನೆಗೆ ಬಂತು. ಹೊಸ ಜಾಗದಲ್ಲಿ ಇನ್ನೊಂದು ಬಕ ಮೊದಲೇ ನಿಂತಿದ್ರೆ ಅಲ್ಲಿಂದಲೂ ಓಡಿಸ್ಕೊಳ್ಳತ್ತೆ. ಬೆಳಿಗ್ಗೆ ಎಂಟು ಜನ ಫೋಟೊಗ್ರಾಫರ್ಸ್ ಬಂದು ಒಬ್ಬೊಬ್ಬರೂ 'ಒಂದೇ ಸಲ' ಹಾರಿಸಿದ್ರೆ ಅದರ ಬೆಳಗಿನ ತಿಂಡಿ ಹೋಯ್ತು.

'ಹಾರೋ ಫೋಟೊ ಬೇಕಿತ್ತು' ಅಂತ ಕಲ್ಲು ಎಸೆಯೋರನ್ನ, ಚಪ್ಪಾಳೆ ಹೊಡೆಯೋರನ್ನ ನೀವೂ ನೋಡಿರ್ತೀರ. ಪಕ್ಕದಲ್ಲಿ ಇದ್ರೆ ಬೇಡ ಅಂತ ಹೇಳಿ. ಜಗಳ ಆಡಬೇಕಾಗಿಲ್ಲ. 'ಸ್ವಲ್ಪ ಕಾಯಿರಿ ಸಾರ್, ಅದೇ ಹಾರತ್ತೆ' ಅಂದ್ರೆ ಸಾಕು, ತುಂಬಾ ಜನ ಕೇಳ್ತಾರೆ.

ಭಾಗ 5/8: ಸಿಕ್ಕಿತು

ಆರನೇ ಸಲ. ಕೊಕ್ಕಲ್ಲಿ ಅಡ್ಡಡ್ಡ ಸಿಕ್ಕಿರೋದು ತಿಲಾಪಿಯಾ, ನಮ್ಮ ಕಡೆ ಜಿಲೇಬಿ ಅಂತಾರೆ. ಬೆರಳುದ್ದ ಇದೆ.

ಇದೇ ಫೋಟೊ ಹತ್ತು ನಿಮಿಷದಲ್ಲಿ ಸಿಗೋ ದಾರಿ ಒಂದಿದೆ. ಒಂದು ಅಗಲ ತೊಟ್ಟಿ, ಅಂಗಡಿಯಿಂದ ತಂದ ಜೀವಂತ ಮೀನು, ಮೇಲೆ ಒಂದು ಚೆಂದದ ಕೊಂಬೆ, ಇಪ್ಪತ್ತಡಿ ದೂರದಲ್ಲಿ ಮರೆ. ಮಿಂಚುಳ್ಳಿಗೆ ಈ ಸೆಟಪ್ ಮಾಡೋದು ಫೋಟೊಗ್ರಾಫರ್‌ಗಳಿಗೆಲ್ಲಾ ಗೊತ್ತಿರೋ ವಿಷಯ. ತಪ್ಪಿಸಿಕೊಳ್ಳೋಕೆ ಜಾಗನೇ ಇಲ್ಲದ ಮೀನು, ಕಾಯೋ ಅಗತ್ಯನೇ ಇಲ್ಲದ ಹಕ್ಕಿ. ಮೊದಲ ಪೋಸ್ಟ್‌ನ ಪ್ರಶ್ನೆ ಇಲ್ಲಿ ಕೇಳಿ ನೋಡಿ, ಉತ್ತರ ನಿಮಗೇ ಸಿಗತ್ತೆ.

'ಹಕ್ಕಿಗೆ ಊಟ ಸಿಗತ್ತಲ್ಲ, ನಷ್ಟ ಏನು' ಅಂತ ಕೇಳ್ತಾರೆ. ನಷ್ಟ ಇದೆ. ಮನುಷ್ಯ ಇರೋ ಕಡೆ ಊಟ ಇರತ್ತೆ ಅಂತ ಹಕ್ಕಿ ಕಲಿತುಬಿಡತ್ತೆ. ಎಲ್ಲಾ ಮನುಷ್ಯರೂ ಕ್ಯಾಮೆರಾ ಹಿಡಿದು ಬರಲ್ಲ, ನಾಯಿಗಳಂತೂ ಬರೋದೇ ಇಲ್ಲ. ಉಳಿದ ಮೀನನ್ನ ಸಂಜೆ ಕೆರೆಗೆ ಸುರಿದು ಹೋದ್ರೆ ಆ ಕೆರೆಯದಲ್ಲದ ಮೀನು, ಅದರ ಜೊತೆ ಅದರ ರೋಗ ಎರಡೂ ಕೆರೆಗೆ ಸೇರತ್ತೆ. ಇದರ ಮೇಲೆ ನೋಡೋರಿಗೂ ಸುಳ್ಳು ಹೇಳಿದ ಹಾಗಾಯ್ತು, ಯಾಕಂದ್ರೆ ಕ್ಯಾಪ್ಷನ್‌ನಲ್ಲಿ ತೊಟ್ಟಿಯ ಸುದ್ದಿ ಯಾರೂ ಬರೆಯಲ್ಲ.

ಕಾನೂನೂ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದ್ರೆ ಕೊಲ್ಲೋದು ಮಾತ್ರ ಅಂತ ಇಲ್ಲ. ಪ್ರಾಣಿಯನ್ನ ಅಟ್ಟೋದು, ಆಮಿಷ ಒಡ್ಡೋದು, ಹಕ್ಕಿಯ ಮೊಟ್ಟೆ-ಗೂಡಿಗೆ ತೊಂದರೆ ಕೊಡೋದು ಕೂಡ ಆ ಪದದ ವ್ಯಾಖ್ಯೆಯೊಳಗೇ ಬರತ್ತೆ. ಲಂಡನ್ನಿನ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲೂ ಜೀವಂತ ಆಮಿಷಕ್ಕೆ ಅವಕಾಶ ಇಲ್ಲ. 2009ರಲ್ಲಿ ಅಲ್ಲಿ ಮೊದಲ ಪ್ರಶಸ್ತಿ ಗೆದ್ದಿದ್ದು ಬೇಲಿ ಹಾರೋ ತೋಳದ ಫೋಟೊ. ಅದು ಪಳಗಿಸಿದ ತೋಳ ಇರಬೇಕು ಅಂತ ತೀರ್ಪುಗಾರರಿಗೆ ಅನಿಸಿ, 2010ರ ಜನವರಿಯಲ್ಲಿ ಪ್ರಶಸ್ತಿ ವಾಪಸ್ ಪಡೆದ್ರು. ಫೋಟೊಗ್ರಾಫರ್ ಅದನ್ನ ಒಪ್ಪಲಿಲ್ಲ. ಆದ್ರೆ ಪ್ರಶಸ್ತಿ ಹೋಯ್ತು.

ಕಾಮೆಂಟ್‌ನಲ್ಲಿ ಯಾರಾದ್ರೂ ಜಾಣರು ಬಂದೇ ಬರ್ತಾರೆ: 'ಕೆಲವು ಬಕಗಳು ತಾವೇ ಹುಳ, ಗರಿ ನೀರಿಗೆ ಹಾಕಿ ಮೀನು ಸೆಳೀತಾವಲ್ಲ?' ನಿಜ, ಹಾಗೆ ಮಾಡೋ ಬಕಗಳಿವೆ. ಅದು ಹೊಟ್ಟೆಗೋಸ್ಕರ ಮಾಡತ್ತೆ, ತನ್ನ ಬುದ್ಧಿಯಿಂದ ಮಾಡತ್ತೆ. ನಿಮಗೆ ಅದರ ಫೋಟೊ ಸಿಕ್ಕಿದ್ರೆ ನನಗೆ ಟ್ಯಾಗ್ ಮಾಡಿ, ನಾನೇ ಮೊದಲ ಲೈಕ್ ಕೊಡ್ತೀನಿ. ಪಂಚತಂತ್ರದ ಮೋಸಗಾರ ಬಕನ ಪಾತ್ರ ಈಗ ಯಾರು ಮಾಡ್ತಿದ್ದಾರೆ ಅನ್ನೋದನ್ನ ಮಾತ್ರ ಯೋಚನೆ ಮಾಡಿ.

ಭಾಗ 6/8: ತಲೆ ಮೊದಲು

ಮೀನು ಅಡ್ಡ ಇತ್ತಲ್ಲ, ಈಗ ನೇರ ಆಗಿದೆ. ತಲೆ ಬಕದ ಗಂಟಲ ಕಡೆ, ಬಾಲ ಹೊರಗೆ. ಎರಡು ಸಲ ಎಸೆದು ಹಿಡಿದು ತಿರುಗಿಸ್ಕೊಳ್ತು.

ಯಾಕೆ ತಲೆ ಮೊದಲು? ಮೀನಿನ ಹುರುಪೆ, ರೆಕ್ಕೆಯ ಮುಳ್ಳು ಎಲ್ಲಾ ಬಾಲದ ಕಡೆ ಬಾಗಿರತ್ತೆ. ತಲೆಯಿಂದ ನುಂಗಿದ್ರೆ ಅವು ಮಡಚಿಕೊಂಡು ಒಳಗೆ ಜಾರತ್ತೆ. ಬಾಲದಿಂದ ನುಂಗಿದ್ರೆ ಮುಳ್ಳು ಬಿಚ್ಚಿಕೊಂಡು ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ. ತಟ್ಟೆಯಲ್ಲಿ ಮೀನು ತಿನ್ನುವಾಗ ಅಮ್ಮ ಮುಳ್ಳು ಬಿಡಿಸಿ ಕೊಟ್ಟ ಹಾಗೆ ಬಕಕ್ಕೆ ಯಾರೂ ಬಿಡಿಸಿ ಕೊಡಲ್ಲ. ಅದಕ್ಕೆ ಇರೋ ಉಪಾಯ ಇದೊಂದೇ.

ಈ ಸಮಯದಲ್ಲೇ ನೀವು ಅತಿ ಜಾಸ್ತಿ ಸುಮ್ಮನಿರಬೇಕು. ಮೀನು ಇನ್ನೂ ಒದ್ದಾಡ್ತಿರತ್ತೆ, ಬಕದ ಗಮನ ಎಲ್ಲಾ ಅದರ ಮೇಲೆ. ಈಗ ನೀವು ಎದ್ದು ನಿಂತು ಮುಂದೆ ಬಂದ್ರೆ ಅದು ಎರಡರಲ್ಲಿ ಒಂದು ಮಾಡಬೇಕು: ಮೀನು ಬಿಟ್ಟು ಹಾರಬೇಕು, ಇಲ್ಲಾ ಮೀನು ಕಚ್ಚಿಕೊಂಡೇ ಹಾರಬೇಕು. ಕಚ್ಚಿಕೊಂಡು ಹಾರಿದ್ರೆ ಕಾಗೆ, ಹದ್ದು ಬೆನ್ನು ಹತ್ತೋದು ಇದ್ದಿದ್ದೇ. ಒಂದು ಗಂಟೆ ಕೂತ ನಮಗೆ ಕೊನೇ ಒಂದು ನಿಮಿಷ ಕೂರೋಕೆ ಏನು ಕಷ್ಟ?

ಇನ್ನೊಂದು ಮಾತು, ಮನೆಯಲ್ಲಿ ಅಕ್ವೇರಿಯಂ ಇರೋರಿಗೆ. ಗಾಜು ನೆಕ್ಕೋ ಸಕ್ಕರ್ ಫಿಶ್ ದೊಡ್ಡದಾಯ್ತು ಅಂತ ಕೆರೆಗೆ ಬಿಡಬೇಡಿ. ದಕ್ಷಿಣ ಅಮೆರಿಕದ ಮೀನು ಅದು. ಮೈಮೇಲೆ ಮೂಳೆಯ ಕವಚ, ರೆಕ್ಕೆಯಲ್ಲಿ ಗಟ್ಟಿ ಮುಳ್ಳು. ಭಾರತದ ಎಷ್ಟೋ ಕೆರೆ-ಹೊಳೆಗಳಲ್ಲಿ ಆಗಲೇ ಸೇರಿಕೊಂಡಿದೆ. ತಲೆಯಿಂದ ನುಂಗೋ ಉಪಾಯ ಅಂಥ ಮೀನಿನ ಮುಂದೆ ನಡೆಯಲ್ಲ. ಹಾಗೇ ದಡದಲ್ಲಿ ಗಾಳದ ನೈಲಾನ್ ದಾರ ಬಿದ್ದಿದ್ರೆ ಎತ್ತಿ ಜೇಬಿಗೆ ಹಾಕ್ಕೊಳ್ಳಿ. ಕಾಲಿಗೆ ಸುತ್ತಿಕೊಂಡ್ರೆ ಹಕ್ಕಿಗೆ ಬಿಡಿಸ್ಕೊಳ್ಳೋಕೆ ಬರಲ್ಲ.

ಭಾಗ 7/8: ಗಂಟಲಲ್ಲಿ ಗಂಟು

ಮೀನು ಕಾಣ್ತಿಲ್ಲ. ಕುತ್ತಿಗೆ ಮಧ್ಯೆ ಒಂದು ಉಬ್ಬು ಮಾತ್ರ ಇದೆ. ಫೋಟೊಗ್ರಾಫರ್‌ಗಳು ಸಾಮಾನ್ಯವಾಗಿ ಇಷ್ಟೊತ್ತಿಗೆ ಸ್ಕ್ರೀನ್ ನೋಡ್ತಾ ಇರ್ತಾರೆ, ಈ ಫೋಟೊ ಯಾರೂ ತೆಗೆಯಲ್ಲ.

ಆ ಉಬ್ಬು ಹೊಟ್ಟೆಗೆ ಇಳಿಯತ್ತೆ. ಮಳೆಗಾಲ ಆಗಿದ್ರೆ ಅದು ಅಲ್ಲೇ ಮುಗಿಯಲ್ಲ. ಕೊಳದ ಬಕಗಳು ಗೂಡು ಕಟ್ಟೋದು ಹೆಚ್ಚಾಗಿ ಮಳೆ ಶುರುವಾದ ಮೇಲೆ. ಆಗ ಕಂದು ಬೆನ್ನು ಕಡು ಕೆಂಗಂದು ಬಣ್ಣಕ್ಕೆ ತಿರುಗತ್ತೆ, ಅದೇ ಹಕ್ಕಿನಾ ಅಂತ ಅನುಮಾನ ಬರೋಷ್ಟು. ಅಪ್ಪ-ಅಮ್ಮ ಇಬ್ಬರೂ ಮೀನು ನುಂಗಿಕೊಂಡು ಹೋಗಿ ಗೂಡಲ್ಲಿ ಕಕ್ಕಿ ಮರಿಗೆ ಕೊಡ್ತಾರೆ. ಆ ದಿನಗಳಲ್ಲಿ ನೀವು ತಪ್ಪಿಸಿದ ಮೀನು ಬರೀ ನಿಮ್ಮ ಮುಂದಿದ್ದ ಹಕ್ಕಿದಲ್ಲ.

ಗೂಡಿನ ಫೋಟೊ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಗೂಡಿರೋ ಮರದ ಲೊಕೇಶನ್ ಟ್ಯಾಗ್ ಮಾಡಲೇಬೇಡಿ. ಮರೆಯಾಗಿದೆ ಅಂತ ಕೊಂಬೆ ಸರಿಸಬೇಡಿ, ಮುರಿಯಬೇಡಿ. ಆ ಎಲೆ ಅಲ್ಲಿರೋದು ಮರಿಗೆ ನೆರಳಾಗಿ, ಕಾಗೆ ಕಣ್ಣಿಗೆ ಬೀಳದ ಹಾಗೆ. ರಂಗನತಿಟ್ಟಿಗೆ ಹೋದ್ರೆ ದೋಣಿ ಅಣ್ಣನಿಗೆ 'ಇನ್ನೂ ಸ್ವಲ್ಪ ಹತ್ತಿರ' ಅಂತ ಒತ್ತಾಯ ಮಾಡಬೇಡಿ. ಸಲೀಂ ಅಲಿ ಅವರು ಹೇಳಿದ ಮೇಲೆ ಮೈಸೂರು ಅರಸರು 1940ರಲ್ಲಿ ಅದನ್ನ ಪಕ್ಷಿಧಾಮ ಅಂತ ಘೋಷಿಸಿದ್ದು. ನಮ್ಮ ಕ್ಯಾಮೆರಾಗಳಿಗೋಸ್ಕರ ಅಲ್ಲ.

ಹೇಗಿರಬೇಕು ಅಂತ ಕೇಳಿದ್ರೆ ನಾನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ತೋರಿಸ್ತೀನಿ. ಊರ ನಡುವಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ತಾವೆ. ಕೆಳಗೆ ದನ, ಟ್ರ್ಯಾಕ್ಟರ್, ಮಕ್ಕಳು. ಹಿಕ್ಕೆ ಬೀಳತ್ತೆ, ವಾಸನೆ ಬರತ್ತೆ, ಊರವರು ಆ ಹಿಕ್ಕೆಯನ್ನೇ ಗೊಬ್ಬರ ಮಾಡಿಕೊಂಡಿದ್ದಾರೆ. 2007ರಲ್ಲಿ ಸರ್ಕಾರ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಅಲ್ಲಿ ಹಕ್ಕಿ ಮನುಷ್ಯರಿಗೆ ಹೆದರದೆ ಇರೋದು ಅಲ್ಲಿನ ಮನುಷ್ಯರು ತಲೆಮಾರುಗಳಿಂದ ಅದಕ್ಕೆ ತೊಂದರೆ ಕೊಡದೆ ಇದ್ದಿದ್ದರಿಂದ. ಆ ನಂಬಿಕೆ ಗಳಿಸಿದ್ದು ಅವರು. ವೀಕೆಂಡ್‌ಗೆ ಹೋಗೋ ನಾವು ಅದನ್ನ ಖರ್ಚು ಮಾಡಿ ಬರಬಾರದು.

ಭಾಗ 8/8: ಒಂದು ಗುಟುಕು ನೀರು

ಕೊನೇ ಫೋಟೊ. ಊಟ ಆಯ್ತು, ಬಕ ಕೊಕ್ಕು ತೊಳೆದು ಒಂದು ಗುಟುಕು ನೀರು ಕುಡೀತಿದೆ. ಆ ನೀರು ಎಂಥದ್ದು ಅಂತಾನೂ ಒಂದು ಮಾತು ಹೇಳಿ ಮುಗಿಸ್ತೀನಿ.

'ಬಕ ಇದೆ, ಮೀನು ಇದೆ, ಅಂದ್ರೆ ಕೆರೆ ಚೆನ್ನಾಗಿದೆ' ಅಂತ ಈ ಸೀರೀಸ್ ನೋಡಿ ಯಾರೂ ಹೇಳಬೇಡಿ. ಕೊಳದ ಬಕ ಕೊಳಕು ನೀರಲ್ಲೂ ಬದುಕತ್ತೆ, ತಿಲಾಪಿಯಾನೂ ಹಾಗೇ. ಕೊಳಚೆ ನೀರು ಸೇರಿ, ಬಿಸಿಲು ಏರಿ, ನೀರಿನ ಆಮ್ಲಜನಕ ಕುಸಿದಾಗ ಏನಾಗತ್ತೆ ಅಂತ ಬೆಂಗಳೂರು 2016ರ ಮಾರ್ಚ್‌ನಲ್ಲಿ ನೋಡಿದೆ. ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ವು. ಹಿಂದಿನ ದಿನದವರೆಗೂ ಅಲ್ಲಿ ಬಕದ ಫೋಟೊ ತೆಗೆದೋರು ಇದ್ದೇ ಇರ್ತಾರೆ.

ಅದಕ್ಕೇ ನನ್ನ ವಿನಂತಿ: ಚೆಂದದ ಫೋಟೊದ ಜೊತೆ ಸ್ವಲ್ಪ ಮಾಹಿತಿನೂ ಬರೀರಿ. ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾವ ಮೀನು, ಎಷ್ಟು ಸಲ ಹೊಡೀತು, ಎಷ್ಟು ಸಲ ಸಿಕ್ತು. ನೀರಿನ ಬಣ್ಣ ಹೇಗಿತ್ತು, ನೊರೆ ಇತ್ತಾ, ವಾಸನೆ ಇತ್ತಾ. ಈಬರ್ಡ್, ಐನ್ಯಾಚುರಲಿಸ್ಟ್‌ಗೆ ಹಾಕಿ, ಎರಡೂ ಫ್ರೀ. ಐದು ವರ್ಷ ಆದ್ಮೇಲೆ ಆ ಕೆರೆಗೆ ಏನಾಯ್ತು ಅಂತ ಯಾರಾದ್ರೂ ಕೇಳಿದಾಗ ನಿಮ್ಮ ಲೈಕ್ ಎಷ್ಟಿತ್ತು ಅಂತ ಯಾರಿಗೂ ಬೇಕಾಗಲ್ಲ. 'ಅವತ್ತು ಇಲ್ಲಿ ಮೀನು ಇತ್ತು, ಹಕ್ಕಿ ತಿಂತಿತ್ತು' ಅನ್ನೋ ದಾಖಲೆ ಬೇಕಾಗತ್ತೆ. ತೊಟ್ಟಿಯ ಫೋಟೊ ಆ ಕೆಲಸಕ್ಕೆ ಬರಲ್ಲ. ಹಾರಿಸಿ ತೆಗೆದ ಫೋಟೊನೂ ಬರಲ್ಲ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರದ ಕೆರೆಗೆ ಹೋಗಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಇದೆ, ಉಳಿದವರಿಗೂ ಒಂದಲ್ಲ ಒಂದು ಇದ್ದೇ ಇರತ್ತೆ. ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ. ಒಂದು ಬಕ ಆರಿಸ್ಕೊಂಡು ಅದರ ಹೊಡೆತ ಎಣಿಸಿ. ಆಮೇಲೆ ಫೋಟೊ ತೆಗೀರಿ. ಮಿಸ್ಸಾದ ಫೋಟೊನೇ ಹಾಕಿ, ಕೆಳಗೆ ಎಷ್ಟರಲ್ಲಿ ಎಷ್ಟು ಅಂತ ಬರೀರಿ. ನಂದು ಆರಕ್ಕೆ ಒಂದು. ನಿಮ್ಮದು ಕಾಮೆಂಟ್‌ನಲ್ಲಿ ಹೇಳಿ.

#ಕೊಳದಬಕ #ಬಕಧ್ಯಾನ #ಮಿಸ್ಸಾದಫೋಟೊ #ನಮ್ಮೂರಕೆರೆ